ಊರಿಗೆಲ್ಲ ಕೇಳಿದ ಮಾತು

ನಮ್ಮ ಮನೆಯಲ್ಲಿ ಕುರ್ಚಿ ಇರಲಿಲ್ಲ. ಬಂದವರು ಜಗಲಿಯ ಮೇಲೆ ಕೂರುತ್ತಿದ್ದರು, ನಾವು ನೆಲದ ಮೇಲೆ, ಅಪ್ಪ ಮಗ್ಗದ ಕುಳಿಯಲ್ಲಿ ಕಾಲಿಳಿಬಿಟ್ಟು. ಇದ್ದದ್ದು ಉದ್ದನೆಯ ಒಂದೇ ಕೋಣೆ. ಅದರಲ್ಲಿ ಅರ್ಧವನ್ನು ಮಗ್ಗವೇ ನುಂಗಿತ್ತು. ಉಳಿದರ್ಧದಲ್ಲಿ ಅಜ್ಜಿ ರಾಟೆ ತಿರುಗಿಸಿ ಲಾಳಿಯ ಕಂಡಿಕೆಗೆ ನೂಲು ಸುತ್ತುವ ಮೂಲೆ, ಅದಕ್ಕೆ ತಾಗಿದಂತೆ ಒಲೆ, ಒಲೆಯಿಂದ ಆಚೆ ಸುರುಳಿ ಸುತ್ತಿಟ್ಟ ಚಾಪೆಗಳು. ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ ನಮ್ಮ ಅನ್ನಕ್ಕೂ ಬಟ್ಟೆಗೂ ಕೂದಲಿಗೂ ಅಂಟಿಕೊಂಡಿರುತ್ತಿತ್ತು. ಶಾಲೆಯಲ್ಲಿ ಪಕ್ಕ ಕೂತವಳು ಮೂಗು ಮುಚ್ಚಿಕೊಂಡಾಗಲೇ ಅದೊಂದು ವಾಸನೆ ಎಂದು ನನಗೆ ಗೊತ್ತಾದದ್ದು. ಇಷ್ಟೆಲ್ಲ ಇಕ್ಕಟ್ಟಿನಲ್ಲೂ ಒಂದು ವಸ್ತುವಿಗೆ ಮಾತ್ರ ರಾಜಮರ್ಯಾದೆ. ಗೋಡೆಗೆ ಹೊಡೆದ ಹಲಗೆಯ ಮೇಲೆ, ಅವ್ವ ಅಂಚು ಹೊಲಿದ ಬಿಳಿ ಬಟ್ಟೆಯ ಮೇಲೆ, ರೇಡಿಯೋ. ಅದನ್ನು ಮುಟ್ಟುವ ಅಧಿಕಾರ ಅಪ್ಪನಿಗೆ ಮಾತ್ರ ಇತ್ತು.

ಕೊಯಮತ್ತೂರಿಗೂ ತಿರುಪ್ಪೂರಿಗೂ ನಡುವೆ ಬಸ್ಸುಗಳು ಒಂದು ಗಳಿಗೆ ನಿಂತು ಹೋಗುವ ಸಣ್ಣ ಊರು ನಮ್ಮದು. ನೇಕಾರರ ಎರಡು ಬೀದಿಗಳಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಓದಲು ಬರುವವರು ಯಾರೂ ಇರಲಿಲ್ಲ. ಅಕ್ಷರವೆಂದರೆ ತಮಿಳು ಅಕ್ಷರ. ಅಂಥ ಊರಿಗೆ ಒಂದು ರೇಡಿಯೋ ಸ್ಟೇಷನ್ ಬರುತ್ತದೆ ಎಂದಾಗ ಮೊದಲು ಯಾರೂ ನಂಬಲಿಲ್ಲವಂತೆ. ಊರಾಚೆ ಕಳ್ಳಿ ಬೆಳೆದ ಕಲ್ಲುಭೂಮಿಗೆ ಬೇಲಿ ಹಾಕಿ, ಚಿಕ್ಕದೊಂದು ಕಟ್ಟಡ ಕಟ್ಟಿ, ಅದರ ಹಿಂದೆ ಕಬ್ಬಿಣದ ಎತ್ತರದ ಕಂಬ ನಿಲ್ಲಿಸಿದ ಮೇಲೆ ನಂಬಿದರು. ನಂಬಿದ ಮೇಲೆ ಹೆದರಿದರು. ಕಂಬದಿಂದ ಬರುವ ಅಲೆಗೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ಹಾಸಿನ ನೂಲು ಹರಿಯುತ್ತದೆ, ಕೋಳಿ ಮೊಟ್ಟೆ ಇಡುವುದಿಲ್ಲ, ಬಸುರಿಯರು ಆ ಕಡೆ ಹೋಗಬಾರದು ಎಂದೆಲ್ಲ ಮಾತು. ಬೇಲಿಯ ಪಕ್ಕದ ಗುಡಿಸಲಿನಲ್ಲಿ ಬಟ್ಟೆ ಒಣಗಿಸುವ ತಂತಿಯೇ ಸಣ್ಣಗೆ ಹಾಡುತ್ತಿದ್ದದ್ದನ್ನು ಮಾತ್ರ ನಾನೇ ಕಿವಿಯಾರೆ ಕೇಳಿದ್ದೇನೆ. ಸ್ಟೇಷನ್ನಿನ ದನಿ ದೂರ ಹೋಗುತ್ತಿರಲಿಲ್ಲ. ಈ ಕಡೆ ಪೊಳ್ಳಾಚಿಯ ತೆಂಗಿನತೋಟಗಳವರೆಗೆ ಚೆನ್ನಾಗಿ, ವಾಲ್ಪಾರೈ ಬೆಟ್ಟ ಹತ್ತುವಾಗ ಕರಕರ ಸದ್ದಿನೊಳಗೆ, ಅಷ್ಟೆ. ಬೆಳಿಗ್ಗೆ ಭಕ್ತಿಗೀತೆ, ಮಧ್ಯಾಹ್ನ ಸಿನಿಮಾ ಹಾಡು, ಸಂಜೆ ರೈತರಿಗೆ ಮಾಹಿತಿ, ಮಾರುಕಟ್ಟೆಯ ದರ, ಆಮೇಲೆ ದೊಡ್ಡ ಊರಿನಿಂದ ಬರುವ ಸುದ್ದಿ. ಆದರೂ ಅದು ನಮ್ಮ ಊರಿನ ಹೆಸರು ಹೇಳಿ ಶುರುವಾಗುತ್ತಿತ್ತು. ಊರಿನ ಹೆಸರು ಗಾಳಿಯಲ್ಲಿ ಬಂದಾಗ ಜನ ಮಾಡುತ್ತಿದ್ದ ಕೆಲಸ ನಿಲ್ಲಿಸಿ ತಲೆ ಎತ್ತುತ್ತಿದ್ದರು.

ಆ ಹೆಸರನ್ನು ಹೇಳುವ ದನಿ ನಮ್ಮ ಮನೆಯದಾದದ್ದು ರುಕ್ಕು ಅತ್ತೆಯಿಂದ. ಅಪ್ಪನ ಒಬ್ಬಳೇ ತಂಗಿ. ಬೀದಿಯಲ್ಲಿ ಹೈಸ್ಕೂಲು ಮುಗಿಸಿದ ಮೊದಲ ಹೆಣ್ಣು. ಅರೆಕಾಲಿಕ ಅನೌನ್ಸರು ಬೇಕು ಎಂದು ಸ್ಟೇಷನ್ನಿನವರು ಕರೆದಾಗ ಅವಳು ಯಾರಿಗೂ ಹೇಳದೆ ಅರ್ಜಿ ಹಾಕಿ, ಆಮೇಲೆ ಒಲೆಯ ಮುಂದೆ ಕೂತು ಅಭ್ಯಾಸ ಶುರು ಮಾಡಿದಳು. ತಮಿಳಿನಲ್ಲಿ ಒಂದು ಅಕ್ಷರವಿದೆ, ನಾಲಿಗೆಯನ್ನು ಒಳಕ್ಕೆ ಮಡಚಿ ಹೇಳಬೇಕಾದದ್ದು. ಅದು ನಮ್ಮವರ ಬಾಯಲ್ಲಿ ಯಾವಾಗಲೂ ಬರೀ 'ಳ' ಆಗಿಬಿಡುತ್ತದೆ. ಆ ಒಂದು ಅಕ್ಷರದಲ್ಲಿ ಕನ್ನಡದವರು ಸಿಕ್ಕಿಬೀಳುತ್ತಾರೆ. ಅತ್ತೆ ಅನ್ನ ಬಸಿಯುವಾಗ, ನೀರು ಸೇದುವಾಗ, ನನಗೆ ಜಡೆ ಹಾಕುವಾಗ ಆ ಅಕ್ಷರ ಎರಡು ಸಲ ಬರುವ ಬಾಳೆಹಣ್ಣಿನ ತಮಿಳು ಹೆಸರನ್ನು ನೂರು ಸಲ ಹೇಳುತ್ತಿದ್ದಳು. ಅಜ್ಜಿಗೆ ತಲೆ ಕೆಟ್ಟು, 'ಒಂದು ಹಣ್ಣು ತಂದಾದ್ರೂ ಕೊಡ್ರೋ ಅವಳಿಗೆ, ತಿಂದು ಸುಮ್ನಾಗ್ಲಿ' ಎಂದಿದ್ದಳು. ಪರೀಕ್ಷೆಯಲ್ಲಿ ಸ್ಟೇಷನ್ನಿನ ಆಫೀಸರು ಅವಳ ಉಚ್ಚಾರವನ್ನು ಮೆಚ್ಚಿ, ಉಳಿದವರಿಗೆ ಇವಳ ಹಾಗೆ ಮಾತಾಡಿ ಎಂದರಂತೆ. ಅವಳ ಮನೆಮಾತು ಯಾವುದೆಂದು ಅವರು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಅಪ್ಪ ರೇಡಿಯೋ ತಂದದ್ದು ಆಗಲೇ. ಅತ್ತೆಯ ಸರದಿ ಇದ್ದ ಸಂಜೆ ಅವನು ಕಾರ್ಯಕ್ರಮಕ್ಕೆ ಮುಂಚೆಯೇ ಲಾಳಿ ಬದಿಗಿಟ್ಟು, ಕುಳಿಯಿಂದ ಎದ್ದು, ಮುಖ ತೊಳೆದು, ಹಣೆಗೆ ವಿಭೂತಿ ಇಟ್ಟು ರೇಡಿಯೋವನ್ನು ಜಗಲಿಗೆ ತರುತ್ತಿದ್ದ. ಬಾಗಿಲು ಪೂರ್ತಿ ತೆರೆದು, ದನಿ ಎಷ್ಟು ಏರುವುದೋ ಅಷ್ಟೂ ಏರಿಸುತ್ತಿದ್ದ. ಎದುರು ಮನೆಯ ನಂಜಕ್ಕನ ರೇಡಿಯೋದಲ್ಲೂ ಅದೇ ದನಿ, ಮೂಲೆ ಮನೆಯಲ್ಲೂ ಅದೇ ದನಿ. ಆದರೂ ನಮ್ಮದೇ ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಬೇಕು. ದಾರಿಯಲ್ಲಿ ಹೋಗುವವರು ನಿಂತರೆ ಅಪ್ಪ ಏನೂ ಹೇಳುತ್ತಿರಲಿಲ್ಲ, ತಲೆ ಸ್ವಲ್ಪ ಓರೆ ಮಾಡಿ ರೇಡಿಯೋ ಕಡೆ ನೋಡುತ್ತಿದ್ದ, ಅಷ್ಟೆ. ಅವರೇ ಕೇಳಬೇಕು, 'ನಿಮ್ಮ ತಂಗಿ ತಾನೆ?' ಎಂದು. ಆಗ 'ಹೂಂ, ನಮ್ಮ ರುಕ್ಕು' ಎನ್ನುವುದರಲ್ಲಿ ಅವನಿಗೆ ಸಿಗುತ್ತಿದ್ದ ಸುಖ, ಒಳ್ಳೆಯ ಸೀರೆಯೊಂದನ್ನು ನೇದು ಕೆಳಗಿಳಿಸಿದಾಗಲೂ ಸಿಕ್ಕಿರಲಿಕ್ಕಿಲ್ಲ.

ಹೇಳದೆ ಉಳಿದದ್ದು ಇನ್ನೊಂದಿತ್ತು. ಸುತ್ತಲಿನ ಊರುಗಳಲ್ಲಿ ವಿದ್ಯುತ್ ಮಗ್ಗಗಳು ಹಗಲೂ ರಾತ್ರಿ ಬಡಿದುಕೊಳ್ಳಲು ಶುರುವಾದ ಮೇಲೆ ಅಪ್ಪನಿಗೆ ನೂಲು ಕೊಡುತ್ತಿದ್ದ ಯಜಮಾನರು ಒಂದು ಹಾಸಿನ ನೂಲಿಗೂ ಇನ್ನೊಂದಕ್ಕೂ ನಡುವೆ ಬಹಳ ದಿನ ಕಾಯಿಸುತ್ತಿದ್ದರು. ಕಾಯುವ ದಿನಗಳಲ್ಲಿ ನಾವು ಉಂಡದ್ದು ಅತ್ತೆಯ ದುಡಿಮೆಯಿಂದ. ನಮಗೆ ಮಕ್ಕಳಿಗೂ ಅದು ಗೊತ್ತಿತ್ತು, ಆದರೆ ಗೊತ್ತಿರುವ ಹಾಗೆ ತೋರಿಸಬಾರದು ಎಂಬುದೂ ಗೊತ್ತಿತ್ತು. ಅತ್ತೆ ಸಂಬಳ ತಂದು ಅಪ್ಪನ ಕೈಗೆ ಕೊಡುತ್ತಿರಲಿಲ್ಲ, ದೇವರ ಮುಂದೆ ಇಡುತ್ತಿದ್ದಳು. ಅಪ್ಪ ಆಮೇಲೆ ಕೈಮುಗಿದು ದೇವರ ಮುಂದಿನಿಂದ ಎತ್ತಿಕೊಳ್ಳುತ್ತಿದ್ದ. ಹೀಗೆ ದೇವರು ನಡುವೆ ಇದ್ದದ್ದರಿಂದ ಯಾರೂ ಯಾರಿಗೂ ಏನೂ ಕೊಟ್ಟಂತಾಗುತ್ತಿರಲಿಲ್ಲ. ಅವಳ ಓರಗೆಯವರೆಲ್ಲ ಮಕ್ಕಳನ್ನು ಎತ್ತಿಕೊಂಡು ತವರಿಗೆ ಬರುತ್ತಿದ್ದರು. ಅವಳನ್ನು ಕೇಳಿಕೊಂಡು ಬಂದವರಿಗೆ ಅಪ್ಪ ಜಾತಕ ಸೇರುವುದಿಲ್ಲ ಎನ್ನುತ್ತಿದ್ದ.

ನಾನು ಹೇಳಬೇಕೆಂದಿರುವ ಸಂಜೆ ಒಂದು ಅಮಾವಾಸ್ಯೆ. ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಬೇರೆ ದಿನ ಲಾಳಿಗಳ ಸದ್ದಿನಲ್ಲಿ ಪಕ್ಕದ ಮನೆಯ ಜಗಳವೂ ಕೇಳಿಸದ ಬೀದಿ ಆ ದಿನ ತಣ್ಣಗೆ ಮಲಗಿರುತ್ತಿತ್ತು. ಜನರೆಲ್ಲ ಜಗಲಿಯ ಮೇಲಿದ್ದರು. ಸ್ಟೇಷನ್ ಒಳಗೆ ಹೇಗಿರುತ್ತದೆ ನೋಡಬೇಕು ಎಂದು ಅವ್ವನಿಗೆ ಬಹಳ ದಿನದ ಆಸೆ. ಮಗ್ಗಕ್ಕೆ ಬಿಡುವು, ಮನೆಯಲ್ಲಿ ಕಡುಬು ಮಾಡಿದ್ದಾಗಿದೆ, ಡಬ್ಬಿಯಲ್ಲಿ ಹಾಕಿಕೊಂಡು ನಾದಿನಿಯ ಜೊತೆ ಹೊರಟಳು. ನಾನೂ ಬರುತ್ತೇನೆಂದು ಹಠ ಹಿಡಿದೆ. ಆದರೆ ಚಿಕ್ಕ ತಮ್ಮನನ್ನು ನೋಡಿಕೊಳ್ಳಲು ನನ್ನನ್ನು ಬಿಟ್ಟುಹೋದರು. ಹಾಗಾಗಿ ನಾನು ಜಗಲಿಯ ಮೇಲೆ ಅಪ್ಪನ ಪಕ್ಕದಲ್ಲಿದ್ದೆ.

ರೈತರ ಕಾರ್ಯಕ್ರಮ ಶುರುವಾಯಿತು. ಅತ್ತೆ ಎಂದಿನ ಹಾಗೆ, ಹಾಲಿಗೆ ಜೇನು ಬಿಟ್ಟ ಹಾಗೆ ತಮಿಳಿನಲ್ಲಿ ವಂದನೆ ಹೇಳಿ, ತೆಂಗಿಗೆ ಬೀಳುವ ದುಂಬಿಯ ಬಗ್ಗೆ ತಜ್ಞರೊಬ್ಬರು ಮಾತಾಡುತ್ತಾರೆ ಎಂದಳು. ತಜ್ಞರ ಟೇಪು ಶುರುವಾಯಿತು. ಅವರು ದುಂಬಿ ಸುಳಿಯನ್ನು ಹೇಗೆ ಕೊರೆಯುತ್ತದೆ ಎಂದು ಹೇಳುತ್ತಿರುವಾಗ, ಅವರ ಮಾತಿನ ಮೇಲೆಯೇ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಅವ್ವನ ದನಿ ಬಂತು. ಕನ್ನಡದಲ್ಲಿ.

'ಇದೇನಾ ನಿನ್ನ ರೂಮು? ಅಯ್ಯೋ, ಒಂದು ಜನ್ನಲೂ ಇಲ್ವಲ್ಲೇ!'

'ಕೂತ್ಕೊ ಅತ್ತಿಗೆ. ಇನ್ನು ಆ ಟೇಪು ಓಡ್ತಾ ಇರುತ್ತೆ. ಅದು ಮುಗಿಯೋವರೆಗೂ ನಮ್ಮನ್ನ ಕೇಳೋರು ಯಾರೂ ಇಲ್ಲ.'

ಅತ್ತೆ ಮೈಕು ಮುಚ್ಚಲು ಮರೆತಿದ್ದಳು. ಅದನ್ನು ಗಮನಿಸಬೇಕಾಗಿದ್ದವನು ಆಚೆ ಕೋಣೆಯಿಂದ ಟೀ ಕುಡಿಯಲು ಎದ್ದುಹೋಗಿದ್ದನಂತೆ. ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು. ಆ ಕ್ಷಣದಲ್ಲಿ ಅಪ್ಪನಿಗೆ ಆದದ್ದು ಬರೀ ಸಂಭ್ರಮ. ಒಳಗಿದ್ದ ಅಜ್ಜಿಯನ್ನು ಕೂಗಿದ.

'ಅವ್ವಾ, ಬಾ ಬೇಗ! ನಿನ್ನ ಸೊಸೆ ರೇಡಿಯೋದಲ್ಲಿ ಮಾತಾಡ್ತಾ ಅವಳೆ!'

ಬೀದಿಯೆಲ್ಲ ನಕ್ಕಿತು. ನಂಜಕ್ಕ ಎದುರಿನಿಂದ ಕೈ ತಟ್ಟಿದಳು. ಕಡುಬಿನ ಡಬ್ಬಿ ತೆರೆದ ಸದ್ದೂ ಕೇಳಿಸಿತು. ತಜ್ಞರು ಪಾಪ, ಕೆಳಗೆಲ್ಲೋ ದುಂಬಿಯ ಮೊಟ್ಟೆಗಳ ವಿಷಯ ಹೇಳುತ್ತಲೇ ಇದ್ದರು. ಆಮೇಲೆ ಅವ್ವ, ತಗ್ಗಿದ ದನಿಯಲ್ಲಿ, ಗುಟ್ಟು ಹೇಳುವವಳ ಹಾಗೆ:

'ಅವಿನಾಶಿ ಊರಿನ ಗಂಡಿನ ಕಡೆಯೋರು ತಿರುಗಿ ಆಳು ಕಳಿಸಿದ್ರು ರುಕ್ಕು. ನಿಮ್ಮಣ್ಣ ಜಾತಕ ಸೇರಲ್ಲ ಅಂದ್ಬಿಟ್ರು.'

'ಜಾತಕ ಎಲ್ಲಿ ನೋಡಿಸ್ದ ಅತ್ತಿಗೆ? ಪೆಟ್ಟಿಗೆಯಿಂದ ಆಚೆಗೇ ತೆಗೆದಿಲ್ಲ. ನನ್ನ ಕಲ್ಯಾಣ ಮಾಡಿಬಿಟ್ರೆ ಮನೇಲಿ ಒಲೆ ಉರಿಯೋದು ಹೆಂಗೆ?'

'ನನಗೆ ಗೊತ್ತಿಲ್ವಾ? ನಿನ್ನ ದುಡ್ಡಲ್ಲಿ ಅಕ್ಕಿ ತಂದು ಬೇಯಿಸೋಳು ನಾನೇ ತಾನೆ. ನುಂಗೋವಾಗ ಗಂಟಲಲ್ಲೇ ನಿಲ್ಲುತ್ತೆ. ಅವರಿಗೆ ಹೇಳೋಕೆ ಬಾಯೇ ಬರಲ್ಲ.'

'ಹೇಳಬ್ಯಾಡ. ಪಾಪ, ನಮ್ಮಣ್ಣ. ಮಗ್ಗದ ಕುಳಿಯಿಂದ ಎದ್ರೆ ಅವನಿಗೆ ನಿಲ್ಲೋಕೆ ನೆಲ ಎಲ್ಲಿದೆ?'

ಅಪ್ಪ ರೇಡಿಯೋ ಆರಿಸಿದ. ಆದರೆ ಮಾತು ನಿಲ್ಲಲಿಲ್ಲ. ನಂಜಕ್ಕನ ಮನೆಯಿಂದ ಬರುತ್ತಿತ್ತು, ಅದರ ಪಕ್ಕದ ಮನೆಯಿಂದ, ಮೂಲೆ ಮನೆಯಿಂದ. ಅಪ್ಪನ ಕೈ ರೇಡಿಯೋ ಮೇಲೆಯೇ ಇತ್ತು, ಇನ್ನೂ ಏನನ್ನೋ ಆರಿಸಬೇಕು ಎನ್ನುವ ಹಾಗೆ. ಆಗ ನಂಜಕ್ಕ ನಿಧಾನವಾಗಿ ಎದ್ದು ಒಳಗೆ ಹೋಗಿ ತನ್ನ ರೇಡಿಯೋ ಆರಿಸಿದಳು. ಆಮೇಲೆ ಪಕ್ಕದವರು. ಒಂದೊಂದೇ ಮನೆ, ಬೀದಿಯ ಕೊನೆಯವರೆಗೂ. ಯಾರೂ ನಮ್ಮ ಕಡೆ ನೋಡಲಿಲ್ಲ. ಅವರು ಆಗಲೂ ನಕ್ಕಿದ್ದರೆ ಅಪ್ಪ ಜಗಳವಾಡಿ ಹಗುರಾಗುತ್ತಿದ್ದನೇನೋ. ಆ ಮರ್ಯಾದೆಯನ್ನು ಹೇಗೆ ತಡೆದುಕೊಳ್ಳುವುದೆಂದು ಅವನಿಗೆ ತಿಳಿಯಲಿಲ್ಲ. ನನಗಂತೂ ಜಗಲಿಯ ಮೇಲೆ ಬಟ್ಟೆಯಿಲ್ಲದೆ ಕೂತ ಹಾಗಾಗಿತ್ತು. ಒಳಗೆ ಓಡಿಹೋಗಬೇಕೆನ್ನಿಸಿದರೂ ಅಪ್ಪನನ್ನು ಒಬ್ಬನೇ ಬಿಟ್ಟು ಏಳಲು ಆಗಲಿಲ್ಲ.

ಅವ್ವ, ಅತ್ತೆ ಇಬ್ಬರೂ ಬಸ್ಸಿಳಿದು ನಗುತ್ತಲೇ ಬಂದರು. ಸ್ಟೇಷನ್ನಿನಲ್ಲಿ ಆಗಲೇ ಗಲಾಟೆಯಾಗಿತ್ತು. ಮೈಕು ತೆರೆದಿತ್ತು ಎಂದು ಆಫೀಸರು ಬೈದಿದ್ದರು. ಆದರೆ ಸ್ವಲ್ಪ ಹೊತ್ತು ಮಾತ್ರ, ಕಡುಬಿನ ಮಾತು ಮಾತ್ರ ಹೋಗಿರಬೇಕು ಎಂದುಕೊಂಡಿದ್ದರು. ಅವ್ವ ಮಲ್ಲಿಗೆ ಮುಡಿದಿದ್ದಳು. ಹೊಸ್ತಿಲಲ್ಲೇ ನನ್ನನ್ನು ಹಿಡಿದು ಕೇಳಿದಳು.

'ಏನೇ ಜಯಾ, ನನ್ನ ಮಾತು ನಿನಗೂ ಕೇಳಿಸ್ತಾ?'

'ಕೇಳಿಸ್ತು. ಎಲ್ಲಾ ಕೇಳಿಸ್ತು. ಎಲ್ರಿಗೂ.'

ಅವ್ವ ಒಳಗೆ ನೋಡಿದಳು. ಅಪ್ಪ ಮಗ್ಗದ ಕುಳಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಅಮಾವಾಸ್ಯೆ, ನೇಯುವಂತಿಲ್ಲ, ಆದರೂ ಅವನಿಗೆ ಹೋಗಿ ಕೂರಲು ಬೇರೆ ಜಾಗ ಇರಲಿಲ್ಲ.

ಜಗಳ ಆಗಲಿಲ್ಲ. ಅದೇ ನಮ್ಮ ಮನೆಯ ಕಷ್ಟವಾಯಿತು. ಮರುದಿನದಿಂದ ಅಪ್ಪ ಅನ್ನ ಮುಟ್ಟಲಿಲ್ಲ. ತನ್ನ ಕೂಲಿಯಲ್ಲಿ ಜೋಳ ತಂದು ಅವ್ವನ ಮುಂದೆ ಇಟ್ಟ. ಅವ್ವ ಚಿಕ್ಕ ಪಾತ್ರೆಯೊಂದರಲ್ಲಿ ಅವನಿಗೆ ಬೇರೆ ಮುದ್ದೆ ಕಟ್ಟಿದಳು. ಒಂದೇ ಒಲೆಯ ಮೇಲೆ ಎರಡು ಪಾತ್ರೆ. ನಾವು ಅನ್ನ ಉಣ್ಣುವಾಗ ಅವನು ಗೋಡೆಗೆ ಮುಖ ಮಾಡಿ ಮುದ್ದೆ ನುಂಗುತ್ತಿದ್ದ. ಅತ್ತೆ ಒಂದು ದಿನ ಅಳುತ್ತಾ ಅವನ ತಟ್ಟೆಗೆ ಅನ್ನ ಬಡಿಸಲು ಹೋದಳು. ಅವನು ಕೋಪಿಸಿಕೊಳ್ಳಲಿಲ್ಲ. 'ಬ್ಯಾಡ ರುಕ್ಕು, ಅದು ಮಕ್ಕಳಿಗಿರಲಿ' ಎಂದು ತಟ್ಟೆಗೆ ಕೈ ಅಡ್ಡ ಹಿಡಿದ. ಅದೇ ಅನ್ನ ನನ್ನ ತಟ್ಟೆಯಲ್ಲಿತ್ತು. ಹಸಿವೂ ಇತ್ತು, ತಿಂದೆ. ಉಣ್ಣುವಾಗ ತಲೆ ತಗ್ಗಿಸಿ, ಸದ್ದಾಗದ ಹಾಗೆ, ಬೇಗ ಮುಗಿಸಿ ಏಳುವ ಅಭ್ಯಾಸ ನನಗೆ ಆಗ ಬಂದದ್ದು. ಇವತ್ತಿಗೂ ಮದುವೆಯ ಪಂಕ್ತಿಯಲ್ಲಿ ನಾನೇ ಮೊದಲು ಎಲೆ ಮಡಚುವವಳು.

ಅತ್ತೆಗೆ ಸ್ಟೇಷನ್ನಿನಿಂದ ಮತ್ತೆ ಕರೆ ಬರಲಿಲ್ಲ. ಅವಳೇ ಹೋಗಿ ವಿಚಾರಿಸಿದಾಗ ಆಫೀಸರು ಮೈಕಿನ ವಿಷಯ ಎತ್ತಲಿಲ್ಲವಂತೆ. ನಿಜವಾದ ಆಶ್ಚರ್ಯದಿಂದ, 'ನೀಂಗ ತಮಿಳ್ ಇಲ್ಲೀಂಗಳಾ, ಅಮ್ಮಾ?' ಎಂದರಂತೆ. ನೀವು ತಮಿಳರಲ್ಲವೇ ಎಂದು. ಅವಳು ಹುಟ್ಟಿದ್ದು ಅದೇ ಊರಿನಲ್ಲಿ, ಅವಳ ಅಜ್ಜನ ಅಜ್ಜ ಹುಟ್ಟಿದ್ದೂ. ಬಸ್ಸು ಹತ್ತಿ ವಾಪಸು ಬಂದಳು. ಶಾಲೆಯಲ್ಲಿ ಹುಡುಗಿಯರು ನನ್ನನ್ನು ಕಂಡಾಗಲೆಲ್ಲ ಮೂಗಿನಲ್ಲಿ 'ಕೂತ್ಕೊ ಅತ್ತಿಗೇ' ಎನ್ನುತ್ತಿದ್ದರು. ಅರ್ಥ ಗೊತ್ತಿಲ್ಲದ ಅವರಿಗೆ ಆ ಸದ್ದೇ ತಮಾಷೆ. ಅರ್ಥ ಗೊತ್ತಿದ್ದ ನಮ್ಮ ಬೀದಿಯ ಹುಡುಗಿಯರು ಸುಮ್ಮನಿರುತ್ತಿದ್ದರು. ಯಾರ ಮುಖವನ್ನು ನೋಡಲು ನನಗೆ ಹೆಚ್ಚು ನಾಚಿಕೆಯಾಗುತ್ತಿತ್ತೋ ಹೇಳಲಾರೆ. ಮನೆಯಲ್ಲೂ ಅಪ್ಪ ನಮ್ಮ ಜೊತೆ ತಮಿಳಿನಲ್ಲಿ ಮಾತಾಡಲು ಶುರು ಮಾಡಿದ. ಅಜ್ಜಿ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಮಾತು ಕಲಿಯುತ್ತಿದ್ದ ನನ್ನ ತಮ್ಮನ ನಾಲಿಗೆಗೆ ಕನ್ನಡ ಹತ್ತಲೇ ಇಲ್ಲ. ನಾನು ಕನ್ನಡ ಅಕ್ಷರ ಕಲಿತದ್ದು ಮದುವೆಯಾಗಿ ಚಾಮರಾಜನಗರದ ಕಡೆ ಬಂದ ಮೇಲೆ, ನನ್ನ ಮಗಳ ಒಂದನೇ ತರಗತಿಯ ಪುಸ್ತಕದಲ್ಲಿ, ಅವಳ ಜೊತೆ.

ಒಂದು ಬೆಳಿಗ್ಗೆ ಅಪ್ಪ ಒಗೆದ ಅಂಗಿ ಹಾಕಿಕೊಂಡು ಅವಿನಾಶಿಗೆ ಹೋದ. ಹೋಗಿ, ಜಾತಕ ಸೇರುತ್ತದೆ ಎಂದ. ಅವರ ಮನೆಯಲ್ಲೂ ರೇಡಿಯೋ ಇತ್ತು, ಅವರಿಗೂ ಕನ್ನಡ ಬರುತ್ತಿತ್ತು. ಹುಡುಗನ ತಾಯಿ ಮಜ್ಜಿಗೆ ತಂದುಕೊಟ್ಟು, 'ಊರಿಗೇ ಕೇಳಿಸಿದ ಮೇಲೆ ಜಾತಕ ಯಾಕೆ ಬುಡಿ' ಎಂದಳಂತೆ. ಅದನ್ನವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ಅತ್ತೆಯನ್ನು ಅವಳು ಮಗಳ ಹಾಗೆ ನೋಡಿಕೊಂಡಳು. ಮದುವೆ ಊರ ದೇವಸ್ಥಾನದಲ್ಲಿ ಸರಳವಾಗಿ ನಡೆಯಿತು. ಅತ್ತೆಯ ಗಂಡ ಆಮೇಲೆ ಪೊಳ್ಳಾಚಿಯಲ್ಲಿ ಬಟ್ಟೆ ಅಂಗಡಿ ಇಟ್ಟ. ಅತ್ತೆ ಸುಖವಾಗಿದ್ದಳು, ಆದರೆ ಮತ್ತೆ ಯಾವ ಮೈಕಿನ ಮುಂದೆಯೂ ನಿಲ್ಲಲಿಲ್ಲ. ಸಂಬಳ ಆಗಲೇ ನಿಂತಿತ್ತು, ಅವಳೂ ಹೋದ ಮೇಲೆ ಅವಳು ಹೇಳಿದ ಹಾಗೆಯೇ ಆಯಿತು. ಒಲೆ ಉರಿಯದ ದಿನಗಳು ಬಂದವು. ನಂಜಕ್ಕ ಏನಾದರೂ ನೆಪ ಮಾಡಿ ಸಾರು ಕೊಟ್ಟು ಹೋಗುವಳು. ಕೊನೆಗೆ ಅಪ್ಪ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿ, ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಬಂಡಲು ಕಟ್ಟುವ ಕೆಲಸಕ್ಕೆ ಸೇರಿದ. ಕುಳಿಗೆ ಮಣ್ಣು ತುಂಬಿ ಸಾರಿಸಿದ ದಿನ ಮನೆ ದೊಡ್ಡದಾಗಿ ಕಂಡಿತು. ಯಾರಿಗೂ ಖುಷಿಯಾಗಲಿಲ್ಲ.

ಸ್ಟೇಷನ್ ಇನ್ನೂ ಬಹಳ ವರ್ಷ ನಡೆಯಿತು. ಟಿವಿ ಬಂತು, ಎಫ್‌ಎಂ ಬಂತು, ಮೊಬೈಲು ಬಂತು. ಇದ್ದ ಅನೌನ್ಸರುಗಳು ಕಡಿಮೆಯಾಗಿ, ದಿನದ ಬಹುಪಾಲು ದೊಡ್ಡ ಊರಿನ ಕಾರ್ಯಕ್ರಮವನ್ನೇ ಹಾಕುವಂತಾಯಿತು. ಕೊನೆಗೆ ಮೀಡಿಯಂ ವೇವ್ ಪ್ರಸಾರವನ್ನೇ ನಿಲ್ಲಿಸಿದರು. ಕಂಬ ಇಳಿಸುತ್ತಾರಂತೆ ಎಂದು ತಮ್ಮ ಫೋನು ಮಾಡಿದಾಗ ನಾನು ಊರಿಗೆ ಹೋದೆ. ಪೊಳ್ಳಾಚಿಯಿಂದ ಅತ್ತೆಯೂ ಬಂದಳು. ಅವ್ವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅಪ್ಪ ತಮ್ಮನ ಮನೆಯಲ್ಲಿ ಗಟ್ಟಿಮುಟ್ಟಾಗಿಯೇ ಇದ್ದ, ತಾನೂ ಬರುತ್ತೇನೆಂದ. ಮೂವರೂ ಆಟೋದಲ್ಲಿ ಹೋಗಿ ಬೇಲಿಯ ಆಚೆ ನಿಂತೆವು. ಕೆಲಸದವರು ಕಂಬವನ್ನು ಮೇಲಿನಿಂದ ತುಂಡು ತುಂಡಾಗಿ ಬಿಚ್ಚಿ ಹಗ್ಗದಲ್ಲಿ ಇಳಿಸುತ್ತಿದ್ದರು. ಬಿಸಿಲು. ಅತ್ತೆ ಸೆರಗನ್ನು ತಲೆಗೆ ಹೊದ್ದಿದ್ದಳು. ಬಹಳ ಹೊತ್ತು ನೋಡಿದ ಮೇಲೆ ಅಪ್ಪ, ಎಷ್ಟೋ ವರ್ಷಗಳ ನಂತರ, ಕನ್ನಡದಲ್ಲಿ ಮಾತಾಡಿದ.

'ರುಕ್ಕು, ಅವತ್ತು ನಾನು ರೇಡಿಯೋ ಆರಿಸಿಬಿಟ್ಟೆ.'

'ಊಂ ಅಣ್ಣ.'

'ಬೀದಿಯೋರೂ ಆರಿಸಿಬಿಟ್ರು. ಯಾರನ್ನ ಕೇಳೋದು? ನಿಮ್ಮ ಅತ್ತಿಗೇನ ಕೇಳೋಕೆ ಆಗಲಿಲ್ಲ.' ಅವನು ಕಂಬದ ಕಡೆಯೇ ನೋಡುತ್ತಿದ್ದ. 'ಆಮೇಲೆ ಏನು ಹೇಳ್ದೆ ನೀನು, ನನ್ನ ಬಗ್ಗೆ?'

ಇಷ್ಟು ವರ್ಷ ಅಪ್ಪ ಇದನ್ನು ಹೊತ್ತುಕೊಂಡಿದ್ದ. ಅತ್ತೆ ತಡಮಾಡಲಿಲ್ಲ. ಅದೇ ಹಳೆಯ ರೇಡಿಯೋ ದನಿಯಲ್ಲಿ, ಒಂದು ಅಕ್ಷರವೂ ತಡವರಿಸದೆ ಹೇಳಿದಳು.

'ನಾನು ಹೋದ್ರೂ ನಮ್ಮಣ್ಣ ಮನೇನ ನಡೆಸ್ತಾನೆ, ಅವನು ಅಂಗೆಲ್ಲ ಬೀಳೋ ಆಳಲ್ಲ, ಅಂದೆ.'

'ಅಂಗಂದ್ಯಾ?'

'ಅಂಗೇ ಅಂದೆ ಅಣ್ಣ.'

ಸಂಜೆ ಅವಳನ್ನು ಪೊಳ್ಳಾಚಿ ಬಸ್ಸಿಗೆ ಹತ್ತಿಸಲು ನಾನೊಬ್ಬಳೇ ಹೋದೆ. ಬಸ್ಸು ಕಾಯುತ್ತಾ ನಿಂತಾಗ ತಡೆಯಲಾರದೆ ಕೇಳಿದೆ.

'ಅತ್ತೆ, ನಿಜವಾಗ್ಲೂ ಅಂಗಂದ್ರಾ?'

ಅವಳು ನನ್ನ ಕಡೆ ನೋಡಲಿಲ್ಲ.

'ನಗ್ತಾ ಇದ್ವಿ ಜಯಾ. ಯಾರಾದ್ರೂ ನಿಂತ್ಕೊಂಡು ರೇಡಿಯೋ ಕೇಳಿದ್ರೆ ನಿಮ್ಮಪ್ಪ ತಲೆ ಓರೆ ಮಾಡ್ತಿದ್ನಲ್ಲ, ಅದನ್ನ ನಿಮ್ಮವ್ವ ಮಾಡಿ ತೋರಿಸಿದ್ಲು. ಇಬ್ರೂ ಹೊಟ್ಟೆ ಹಿಡ್ಕೊಂಡು ನಗ್ತಾ ಇದ್ವಿ. ಅಷ್ಟರಲ್ಲಿ ಆಫೀಸರು ಓಡಿ ಬಂದ್ರು.'

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತು ಕಣ್ಣೊರೆಸಿಕೊಂಡಳು. ನಾನು ನಡೆದುಕೊಂಡೇ ಮನೆಗೆ ಬಂದೆ. ಬಾಗಿಲಲ್ಲಿ ಅಪ್ಪ ತಮ್ಮನ ಹೆಂಡತಿಯನ್ನು ನಿಲ್ಲಿಸಿಕೊಂಡು, ಅವಳಿಗೆ ತಿಳಿಯಲೆಂದು ತಮಿಳಿನಲ್ಲಿ, ತನ್ನ ತಂಗಿ ರೇಡಿಯೋದಲ್ಲಿ ತನ್ನ ಬಗ್ಗೆ ಏನೆಂದಿದ್ದಳು ಎಂದು ಹೇಳುತ್ತಿದ್ದ. ಆ ಹುಡುಗಿ ಸೌಟು ಹಿಡಿದುಕೊಂಡೇ ಕೇಳುತ್ತಿದ್ದಳು. ನನ್ನನ್ನು ಕಂಡು ಅಪ್ಪ ಮಾತು ನಿಲ್ಲಿಸಿ, 'ಬೇಕಾದರೆ ಇವಳನ್ನು ಕೇಳು' ಎಂದ. ಅವಳು ನನ್ನ ಕಡೆ ತಿರುಗಿದಳು.

'ಹೌದು' ಎಂದೆ. 'ಊರಿಗೆಲ್ಲ ಕೇಳಿಸಿತ್ತು.'